ಎರಡು ಎಡ ತೋಳು

ಜೂನ್ 3

ತಮ್ಮನಿಗೆ,

ಇದು ಜಗಳದ ಕಾಗದವಲ್ಲ, ಧೈರ್ಯವಾಗಿ ಒಡೆದು ಓದು. ಯಾರಿಗೂ ಏನೂ ಆಗಿಲ್ಲ. ಇಷ್ಟು ವರ್ಷ ನಾವಿಬ್ಬರೂ ಸಾವಿನ ಸುದ್ದಿಗೆ ಮಾತ್ರ ಕಾಗದ ಬರೆದುಕೊಂಡವರು, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ವಿಷಯ ನನ್ನ ಮಗಳದು. ಗುಬ್ಬಿ ಹೊಲಿಗೆ ತರಗತಿ ಮುಗಿಸಿದ್ದಾಳೆ. ಹೆಂಗಸರ ಬಟ್ಟೆ ಚೆನ್ನಾಗಿಯೇ ಹೊಲಿಯುತ್ತಾಳೆ. ಆದರೆ ಅವಳಿಗೆ ಗಂಡಸರ ಕೋಟು ಕತ್ತರಿಸುವುದನ್ನು ಕಲಿಯಬೇಕಂತೆ, ಅದೂ ನಿನ್ನ ಹತ್ತಿರವೇ ಕಲಿಯಬೇಕಂತೆ. "ಮಾವನಷ್ಟು ಚೆನ್ನಾಗಿ ಕೋಟು ಕತ್ತರಿಸೋರು ಇನ್ಯಾರಿದ್ದಾರೆ ಹೇಳಿ ಅಮ್ಮ" ಎಂದು ಕೇಳಿದಳು. ಇದ್ದಾರೆ ಎಂದು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

ನಿಮ್ಮ ಚರ್ಚಿನ ಸಭಾಪಾಲಕರ ಹೆಂಡತಿ ಹೋದ ತಿಂಗಳು ನಮ್ಮ ಸ್ತ್ರೀಯರ ಕೂಟಕ್ಕೆ ಬಂದಿದ್ದರು. ನೀನು ಪೂರ್ತಿ ಬದಲಾಗಿದ್ದೀಯಂತೆ. ಪ್ರತಿ ಭಾನುವಾರ ಆರಾಧನೆಗೆ ಬರುತ್ತೀಯಂತೆ, ಕುರ್ಚಿ ಜೋಡಿಸುತ್ತೀಯಂತೆ, ನಿನ್ನ ದನಿಯೇ ಕೇಳಿಸುವುದಿಲ್ಲವಂತೆ. ನಾನು "ದೇವರಿಗೆ ಸ್ತೋತ್ರ" ಎಂದೆ. ಮನಸ್ಸಿನೊಳಗೆ ಬೇರೆಯೇ ಅಂದುಕೊಂಡೆ. ನೀನು ಮೊದಲೂ ಬದಲಾಗಿದ್ದೆ ಅಲ್ಲವೇ? ಮದುವೆಯಾದಾಗ ಒಮ್ಮೆ, ಅಪ್ಪ ಹೋದಾಗ ಒಮ್ಮೆ. ಬದಲಾವಣೆ ನಿನಗೆ ನೆಗಡಿ ಬಂದ ಹಾಗೆ ಬರುತ್ತದೆ, ವಾರದಲ್ಲಿ ಹೋಗುತ್ತದೆ.

ಅಪ್ಪನ ಕಾಲದಿಂದ ಅಂಗಡಿಯಲ್ಲೇ ಹೊಲಿಯುತ್ತಿದ್ದ ನನ್ನ ಗಂಡನನ್ನು ನೀನು ಗಿರಾಕಿಗಳ ಎದುರಿಗೆ "ಇದು ಕೈಯಲ್ಲ, ಕೊರಡು" ಎಂದದ್ದನ್ನು ನಾನು ಮರೆತಿಲ್ಲ. ಅವರು ಅಂದು ನಿನ್ನ ಅಂಗಡಿಯ ಮೆಟ್ಟಿಲು ಇಳಿದವರು ಮತ್ತೆ ಸೂಜಿ ಮುಟ್ಟಿಲ್ಲ. ಶಾಲೆಯ ಉಗ್ರಾಣದಲ್ಲಿ ಬೀಗದ ಕೈ ಹಿಡಿದು ಕುಳಿತಿದ್ದಾರೆ. ಅಂಗಿಯ ಗುಂಡಿ ಕಿತ್ತರೂ ನಾನೇ ಹಾಕಬೇಕು. ಅಂಥವರ ಮಗಳನ್ನು ಅದೇ ಅಂಗಡಿಗೆ ಕಳಿಸು ಎಂದರೆ ನಾನು ಹೇಗೆ ಕಳಿಸಲಿ ಹೇಳು.

ಸೇರಿಸಿಕೊಳ್ಳುತ್ತೀಯೋ ಇಲ್ಲವೋ, ನೇರವಾಗಿ ಬರೆ. ಫೋನಿನ ನಂಬರು ಸಭಾಪಾಲಕರ ಹೆಂಡತಿ ಕೊಟ್ಟಿದ್ದರು, ಬೇಕೆಂದೇ ಮಾಡಲಿಲ್ಲ.

ಅಕ್ಕ


ಜೂನ್ 12

ಅಕ್ಕನಿಗೆ ವಂದನೆ.

ಫೋನು ಮಾಡದೇ ಇದ್ದದ್ದು ಒಳ್ಳೆಯದಾಯಿತು. ಫೋನಿನಲ್ಲಿ ನನ್ನ ನಾಲಿಗೆ ನನಗಿಂತ ಮುಂದೆ ಓಡುತ್ತದೆ. ಬರೆಯುವಾಗ ಪೆನ್ನು ಎತ್ತಿಡಬಹುದು.

ಗುಬ್ಬಿಯನ್ನು ಕಳಿಸು. ಅವಳನ್ನು ನಾನು ಕೊನೆಗೆ ನೋಡಿದಾಗ ಹಲ್ಲು ಬಿದ್ದಿತ್ತು. ಮಹಡಿಯ ಮೇಲಿನ ಕೋಣೆ ಖಾಲಿ ಇದೆ, ಕಿಟಕಿ ಬೀದಿಗೆ ತೆರೆಯುತ್ತದೆ. ನನ್ನ ಹೆಂಡತಿ ಈಗಾಗಲೇ ಪರದೆ ಒಗೆದು ಹಾಕಿದ್ದಾಳೆ.

ನಾನು ಬದಲಾಗಿದ್ದೇನೆ ಎಂದು ಬರೆಯುವುದಿಲ್ಲ. ಆ ಮಾತನ್ನು ನನ್ನ ಬಾಯಿಂದ ನೀನು ಬೇಕಾದಷ್ಟು ಸಲ ಕೇಳಿದ್ದೀಯ. ನನ್ನ ಹೆಂಡತಿಯನ್ನು ಕೇಳಿದರೆ "ನೋಡೋಣ" ಎನ್ನುತ್ತಾಳೆ. ಎರಡು ವರ್ಷದಿಂದ ನೋಡುತ್ತಲೇ ಇದ್ದಾಳೆ.

ಆದದ್ದನ್ನು ಮಾತ್ರ ಹೇಳುತ್ತೇನೆ, ನೀನು ನಗಬಹುದು. ಸಭಾಪಾಲಕರಿಗೆ ಹೊಸ ನಿಲುವಂಗಿ ಹೊಲಿದುಕೊಟ್ಟಿದ್ದೆ. ಕೊರಳು ಬಿಗಿಯಾಗಿತ್ತು. ಅಳತೆ ತಪ್ಪಿದವನು ನಾನೇ, ಆದರೂ "ನಿಮ್ಮ ಕುತ್ತಿಗೆಯೇ ದಪ್ಪ ಆಗಿದೆ ಅಯ್ಯನವರೇ" ಎಂದು ವಾದಕ್ಕೆ ನಿಂತೆ. ಅವರು "ಇರಬಹುದಪ್ಪ" ಎಂದರು. ಆ ಭಾನುವಾರ ಅದೇ ಬಿಗಿ ಕೊರಳಿನಲ್ಲಿ ಇಡೀ ಆರಾಧನೆ ನಡೆಸಿದರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಅವರ ಮುಖ ಕೆಂಪಾಗುತ್ತಾ ಹೋಗುವುದನ್ನೇ ನೋಡುತ್ತಿದ್ದೆ. ಪ್ರಸಂಗದ ಒಂದು ಅಕ್ಷರವೂ ಕಿವಿಗೆ ಬೀಳಲಿಲ್ಲ. ಮುಗಿದ ಮೇಲೆ ಹೋಗಿ "ನನ್ನದೇ ತಪ್ಪು" ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅಪ್ಪನ ಕಾಲದಿಂದ ಚರ್ಚಿಗೆ ಹೋಗುತ್ತಿದ್ದರೂ ನಾನು ಯೇಸುವಿನ ಹತ್ತಿರ ಹೋದದ್ದು ಅಂದೇ ಇರಬೇಕು. ಅಂದಿನಿಂದ ದಿನವೂ ಹೋಗಬೇಕಾಗಿದೆ, ಒಮ್ಮೆ ಹೋಗಿ ಬಂದರೆ ಸಾಲುವುದಿಲ್ಲ ನನ್ನಂಥವನಿಗೆ.

ಭಾವ ಏನು ಹೇಳಿದರು? ಅದನ್ನು ನೀನು ಬರೆಯಲೇ ಇಲ್ಲ.

ನಿನ್ನ ತಮ್ಮ


ಜೂನ್ 20

ತಮ್ಮನಿಗೆ,

ನಕ್ಕೆ. ಆ ಪುಣ್ಯಾತ್ಮರ ಕುತ್ತಿಗೆ ಈಗ ಸರಿ ಇದೆ ತಾನೇ?

ಸೋಮವಾರದ ಬಸ್ಸಿಗೆ ಗುಬ್ಬಿ ಹೊರಡುತ್ತಾಳೆ. ನಿನ್ನ ಭಾವ ಏನೂ ಹೇಳಲಿಲ್ಲ. ಅವಳ ಕತ್ತರಿ ತೆಗೆದುಕೊಂಡು ಹೋಗಿ ಸಾಣೆ ಹಿಡಿಸಿಕೊಂಡು ಬಂದರು, ಅಷ್ಟೇ.

ನನ್ನ ಕರಾರು ಇದು. ಅವಳು ಬೆಳಗ್ಗೆ ಬೇಗ ಏಳುವವಳಲ್ಲ, ಎಬ್ಬಿಸಬೇಕು. ಕೆಲಸ ಮಾಡುವಾಗ ಗುನುಗುತ್ತಾಳೆ, ಅದಕ್ಕೆ ಸಿಡುಕಬೇಡ. ತಪ್ಪು ಮಾಡಿದರೆ ತಿದ್ದು, ಬೈದರೂ ಚಿಂತೆಯಿಲ್ಲ, ಗುರು ಎಂದ ಮೇಲೆ ಬೈಯಲೇಬೇಕು. ಆದರೆ ಅವಳಪ್ಪನಿಗೆ ಮಾಡಿದ ಹಾಗೆ ಅವಳ ಮನಸ್ಸು ಮುರಿದೆಯೋ, ಅಂದೇ ನಾನು ಬಸ್ಸು ಹತ್ತಿ ಬಂದು ಅವಳನ್ನು ಕರೆದುಕೊಂಡು ಹೋಗುತ್ತೇನೆ. ಆಮೇಲೆ ನನಗೆ ತಮ್ಮ ಇಲ್ಲ. ಇದನ್ನು ನಾನು ಅಳುತ್ತಾ ಬರೆಯುತ್ತಿಲ್ಲ, ತಣ್ಣಗೆ ಕುಳಿತು ಬರೆಯುತ್ತಿದ್ದೇನೆ.

ಬಟ್ಟೆಯ ಚೀಲದಲ್ಲಿ ನಿನಗೊಂದು ಸ್ವೆಟರ್ ಇದೆ. ನಿನ್ನ ಹೊಟ್ಟೆ ಈಗ ಎಷ್ಟಿದೆಯೋ ಗೊತ್ತಿಲ್ಲದೆ ಅಂದಾಜಿನಲ್ಲಿ ಹೆಣೆದದ್ದು.

ಅಕ್ಕ


ಜುಲೈ 9

ಅಕ್ಕನಿಗೆ,

ಸ್ವೆಟರ್ ನನ್ನ ಹೆಂಡತಿಗೆ ಸರಿಯಾಗಿದೆ.

ಗುಬ್ಬಿ ಹೊಂದಿಕೊಂಡಿದ್ದಾಳೆ. ಬೆಳಗ್ಗೆ ಅವಳ ಅತ್ತೆ ಮೂರು ಸಲ ಕೂಗಬೇಕು, ನಾಲ್ಕನೆಯದಕ್ಕೆ ಮೆಟ್ಟಿಲ ಮೇಲೆ ಧಡಧಡ ಸದ್ದು. ಗುಂಡುಸೂಜಿಗಳನ್ನೆಲ್ಲ ಕಾಲರಿಗೇ ಚುಚ್ಚಿಕೊಂಡು ಓಡಾಡುತ್ತಾಳೆ, ತಬ್ಬಿಕೊಳ್ಳಲು ಬಂದ ಅತ್ತೆ ಎರಡು ಸಲ ಚುಚ್ಚಿಸಿಕೊಂಡಿದ್ದಾಳೆ. ಗುನುಗುವುದು ಎಂದೆಯಲ್ಲ, ಅದು ಗುನುಗುವುದಲ್ಲ, ಪೂರ್ತಿ ಕೀರ್ತನೆ. ನಮ್ಮ ಸಭೆಯಲ್ಲಿ ಪಿಟೀಲು ಬಾರಿಸುವ ಸಂಗೀತದ ಮೇಷ್ಟ್ರು ಅಂಗಡಿಗೆ ಬಂದಿದ್ದಾಗ ಕೇಳಿ, "ಶ್ರುತಿ ಸ್ವಲ್ಪ ಮೇಲಿದೆ ಮಗಳೇ" ಎಂದರು. ಅವಳು "ಮೆಷಿನ್ ಸದ್ದಿಗೆ ಹೊಂದಿಸ್ಕೊಂಡಿದ್ದೀನಿ ಸರ್" ಎಂದಳು. ಮೇಷ್ಟ್ರು ನಕ್ಕು ನಕ್ಕು ಕುರ್ಚಿಯಲ್ಲಿ ಕುಳಿತುಬಿಟ್ಟರು.

ಗುಂಡಿ ತೂರಿಸುವ ಕಾಜಾ ಹೊಲಿಯುವುದರಲ್ಲಿ ಅವಳ ಕೈ ನನಗಿಂತ ಚೆನ್ನಾಗಿದೆ. ಹೇಳಿದ್ದೇನೆ ಅವಳಿಗೆ. ಹೇಳುವುದು ಸುಲಭವಾಗಿರಲಿಲ್ಲ, ಆದರೂ ಹೇಳಿದೆ.

ತಮ್ಮ


ಆಗಸ್ಟ್ 2

ತಮ್ಮನಿಗೆ,

ನೀನು ಬರೆದದ್ದೆಲ್ಲ ಸಕ್ಕರೆಯ ಹಾಗಿದೆ. ಈಗ ಬರೆಯದೆ ಬಿಟ್ಟದ್ದನ್ನು ಕೇಳುತ್ತೇನೆ.

ನಿನ್ನೆ ಗುಬ್ಬಿ ಫೋನು ಮಾಡಿದ್ದಳು. ಮಾತಿನ ನಡುವೆ, "ಮಾವ ಒಂದೊಂದು ಸಲ ಕತ್ತರಿ ಇಟ್ಟು ಸುಮ್ಮನೆ ಎದ್ದು ಹೋಗ್ತಾರಮ್ಮ, ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕ್ಕೋತಾರೆ, ಬರೋದು ಎಷ್ಟೋ ಹೊತ್ತಿಗೆ. ಅತ್ತೆನ ಕೇಳಿದ್ರೆ ನಗ್ತಾರೆ" ಎಂದಳು. ಅವಳಿಗೆ ಅದು ತಮಾಷೆ. ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಅಪ್ಪ ಮುನಿಸಿಕೊಂಡರೆ ಹೀಗೇ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಮ್ಮ ಹೊರಗೆ ತಟ್ಟೆ ಹಿಡಿದು ನಿಂತಿರುತ್ತಿದ್ದಳು. ಬೈಗುಳವನ್ನಾದರೂ ತಡೆದುಕೊಳ್ಳಬಹುದು, ಆ ಮೌನವನ್ನು ತಡೆದುಕೊಳ್ಳಲು ಆಗುವುದಿಲ್ಲ. ಹುಡುಗಿಯ ಮೇಲೆ ಅದನ್ನು ಶುರುಮಾಡಿದ್ದೀಯಾ? ಅಥವಾ ಬಾಟಲಿಯೇನಾದರೂ ಇಟ್ಟುಕೊಂಡಿದ್ದೀಯಾ? ಎರಡರಲ್ಲಿ ಯಾವುದಾದರೂ ನನಗೆ ಮೊದಲು ಗೊತ್ತಾಗಬೇಕು.

ಅಕ್ಕ


ಆಗಸ್ಟ್ 10

ಅಕ್ಕನಿಗೆ,

ಬಾಟಲಿ ಇದೆ, ಮೆಷಿನ್‌ಗೆ ಬಿಡುವ ಎಣ್ಣೆಯದು.

ನಿನ್ನ ಕಾಗದ ಓದಿದಾಗಲೂ ಎದ್ದು ಹಿಂದಿನ ಕೋಣೆಗೇ ಹೋದೆ. ಅಲ್ಲಿ ಏನು ಮಾಡುತ್ತೇನೆ ಎಂದು ಹೇಳಲು ನಾಚಿಕೆ. ಗಿರಾಕಿಗಳು ಸಡಿಲ ಮಾಡಲು ಕೊಟ್ಟ ಹಳೆಯ ಕೋಟುಗಳು ಅಲ್ಲಿ ನೇತುಹಾಕಿವೆ. ಒಂದನ್ನು ತೆಗೆದುಕೊಂಡು ಕಿಟಕಿಯ ಹತ್ತಿರ ಕುಳಿತು ಹೊಲಿಗೆ ಬಿಚ್ಚುತ್ತೇನೆ. ಸಿಟ್ಟಿನಲ್ಲಿ ಹೊಲಿಯಬಹುದು ಅಕ್ಕ, ನಾನು ಅರ್ಧ ಆಯುಷ್ಯ ಸಿಟ್ಟಿನಲ್ಲೇ ಹೊಲಿದಿದ್ದೇನೆ. ಸಿಟ್ಟಿನಲ್ಲಿ ಹೊಲಿಗೆ ಬಿಚ್ಚಲು ಬರುವುದಿಲ್ಲ, ಬಟ್ಟೆ ಹರಿಯುತ್ತದೆ. ಒಂದೊಂದೇ ದಾರ ಎತ್ತಿ, ಬ್ಲೇಡಿನ ತುದಿ ತಾಗಿಸಿ, ಎಳೆಯಬೇಕು. ಎಳೆಯುತ್ತಾ ಪ್ರಾರ್ಥನೆ ಮಾಡುತ್ತೇನೆ. ದೊಡ್ಡ ಪ್ರಾರ್ಥನೆ ಏನಲ್ಲ. "ಕರ್ತನೇ, ಇದು ಮುಗಿಯುವವರೆಗೆ ನನ್ನ ಬಾಯಿ ಹಿಡಿದುಕೋ" ಎನ್ನುತ್ತೇನೆ. ಒಂದು ತೋಳು ಬಿಚ್ಚುವಷ್ಟರಲ್ಲಿ ಸಾಮಾನ್ಯವಾಗಿ ಸಿಟ್ಟು ಇಳಿದಿರುತ್ತದೆ.

ಹೆಂಡತಿ ನಗುವುದು ಯಾಕೆಂದರೆ, ನನಗೆ ಸಿಟ್ಟು ಹೆಚ್ಚಾದ ವಾರದಲ್ಲಿ ಗಿರಾಕಿಗಳ ಕೋಟುಗಳು ಹೇಳಿದ ದಿನಕ್ಕಿಂತ ಮೊದಲೇ ಸಿದ್ಧವಾಗುತ್ತವೆ.

ಗುಬ್ಬಿಗೆ ಇದನ್ನು ಹೇಳಿರಲಿಲ್ಲ. ಅಪ್ಪನ ಬಾಗಿಲು ನನಗೂ ನೆನಪಿದೆ, ಆದರೆ ಆಚೆ ನಿಂತವಳಿಗೆ ಎರಡೂ ಬಾಗಿಲು ಒಂದೇ ಥರ ಕಾಣುತ್ತದೆ ಎಂದು ಹೊಳೆದಿರಲಿಲ್ಲ. ಇನ್ನು ಮೇಲೆ ಬಾಗಿಲು ಹಾಕುವುದಿಲ್ಲ.

ತಮ್ಮ


ಆಗಸ್ಟ್ 21

ನನ್ನ ಮುದ್ದು ತಮ್ಮನಿಗೆ,

ಹೀಗೆ ಕರೆದು ಎಷ್ಟು ವರ್ಷವಾಯಿತೋ. ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತೇ ಓದಿದೆ. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು, ಹೋಗಲಿ ಎಂದು ಬಿಟ್ಟೆ.

ಈಗ ಬೈಯಬೇಡ. ಗುರುವಾರ ನಮ್ಮ ಸ್ತ್ರೀಯರ ಕೂಟದಲ್ಲಿ ಅದನ್ನು ಓದಿ ಹೇಳಿದೆ. ಹೊಲಿಗೆ ಬಿಚ್ಚುವ ಜಾಗಕ್ಕೆ ಬಂದಾಗ ಒಬ್ಬೊಬ್ಬರೇ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಎಲ್ಲದರಲ್ಲೂ ಕೊಂಕು ತೆಗೆಯುವ ನಮ್ಮ ಖಜಾಂಚಿಯಮ್ಮ ಕೂಡ "ಇದು ಕರ್ತನ ಕೆಲಸವೇ" ಎಂದರು. ನಮ್ಮ ಸಭಾಪಾಲಕರ ಕಿವಿಗೂ ಬಿತ್ತು. ನವೆಂಬರಿನಲ್ಲಿ ಇಲ್ಲಿ ವಾರ್ಷಿಕ ಕೂಟ ಇದೆ, ಸುತ್ತಲಿನ ಸಭೆಗಳೆಲ್ಲ ಸೇರುತ್ತವೆ. ನೀನು ಬಂದು, ದೇವರು ನಿನ್ನನ್ನು ಹೇಗೆ ಬದಲಿಸಿದ ಎಂದು ಸಾಕ್ಷಿ ಹೇಳಬೇಕು ಎಂದಿದ್ದಾರೆ. ನಾನು ಒಪ್ಪಿಬಿಟ್ಟೆ. ಅಕ್ಕನಿಗೆ ಅಷ್ಟು ಅಧಿಕಾರ ಇಲ್ಲವೇ?

ಬಾ. ಎಲ್ಲರ ಎದುರು ನಿಂತು ಹೇಳು. ಊರೆಲ್ಲ ನಿನ್ನ ಕೆಟ್ಟದ್ದನ್ನು ಕೇಳಿದೆ, ಒಳ್ಳೆಯದನ್ನೂ ಕೇಳಲಿ. ನನ್ನ ತಮ್ಮ ಎಂದು ತೋರಿಸಿಕೊಳ್ಳುವ ಆಸೆ ನನಗೂ ಇರಬಾರದೇ?

ನಿನ್ನ ಭಾವನಿಗೂ ಓದಿ ಹೇಳಿದೆ. ಅವರು ಎದ್ದು ಹೊರಗೆ ಹೋಗಿ ಗಿಡಕ್ಕೆ ನೀರು ಹಾಕಿದರು. ಬೆಳಗ್ಗೆ ತಾನೇ ನಾನು ಹಾಕಿದ್ದೆ.

ಅಕ್ಕ


ಸೆಪ್ಟೆಂಬರ್ 30

ಅಕ್ಕನಿಗೆ,

ತಡವಾಯಿತು, ಕೆಲಸ ಬಹಳ. ಮದುವೆಯ ಕೋಟುಗಳು ರಾಶಿ ಬಿದ್ದಿವೆ. ನವೆಂಬರಿಗೆ ಬರಲು ಆಗುವುದಿಲ್ಲ. ನಿಮ್ಮ ಸಭಾಪಾಲಕರಿಗೆ ನನ್ನ ವಂದನೆ ತಿಳಿಸಿ, ಬೇರೆ ಯಾರನ್ನಾದರೂ ಕರೆಯಲು ಹೇಳು. ಗುಬ್ಬಿ ಚೆನ್ನಾಗಿದ್ದಾಳೆ. ಮಳೆ ನಿಂತಿದೆ.

ತಮ್ಮ


ಅಕ್ಟೋಬರ್ 8

ತಮ್ಮನಿಗೆ,

ದೊಡ್ಡ ಮನುಷ್ಯರಿಗೆ ಬಿಡುವಿಲ್ಲ ಎಂದು ತಿಳಿಯಿತು. ಕೂಟದಲ್ಲಿ ಎಲ್ಲರಿಗೂ ಬರುತ್ತಾನೆ ಎಂದು ಹೇಳಿಕೊಂಡು ಬಂದವಳು ನಾನು. ಖಜಾಂಚಿಯಮ್ಮ ಈಗಲೇ "ಯಾಕೋ ಏನೋ" ಎಂದು ರಾಗ ಎಳೆಯುತ್ತಿದ್ದಾರೆ.

ಸಭೆಯ ಎದುರು ನಿಲ್ಲಲು ನಾಚಿಕೆಯೇ? ಗಿರಾಕಿಗಳ ಎದುರು ಕಿರುಚಲು ನಿನಗೆ ಎಂದೂ ನಾಚಿಕೆ ಇರಲಿಲ್ಲವಲ್ಲ. ಈಗ ಸಿಟ್ಟಿನಲ್ಲಿ ಬರೆದೆ. ನನಗೆ ಬಿಚ್ಚಲು ಕೋಟುಗಳಿಲ್ಲ.

ಇನ್ನೊಂದು ಮಾತು. ಗುಬ್ಬಿ ಫೋನಿನಲ್ಲಿ ಹಾಡುತ್ತಿಲ್ಲ. ಹಿಂದೆಲ್ಲ ನಾನು ಫೋನು ಎತ್ತುವವರೆಗೂ ಏನಾದರೂ ಗುನುಗುತ್ತಿರುತ್ತಿದ್ದಳು. "ಚೆನ್ನಾಗಿದ್ದೀಯಾ" ಎಂದರೆ "ಹೂಂ" ಎನ್ನುತ್ತಾಳೆ. "ಮಾವ?" ಎಂದರೆ "ಅವರನ್ನೇ ಕೇಳಿ" ಎಂದಳು. ಕೇಳುತ್ತಿದ್ದೇನೆ.

ಅಕ್ಕ


ಅಕ್ಟೋಬರ್ 19

ಅಕ್ಕನಿಗೆ,

ಈ ಕಾಗದವನ್ನು ಕುಳಿತುಕೊಂಡು ಓದು. ಸಾಧ್ಯವಾದರೆ ಭಾವನಿಗೆ ತೋರಿಸು.

ನೀನು ನನ್ನನ್ನು ಮುದ್ದು ತಮ್ಮ ಎಂದು ಕರೆದ ಕಾಗದ ಬಂದ ವಾರವೇ ಆದದ್ದು. ಅದನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆ. ಸಾಕ್ಷಿಗೆ ಏನೇನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ, ಚೆನ್ನಾಗಿಯೇ ಜೋಡಣೆಯಾಗಿತ್ತು. ಸಂಗೀತದ ಮೇಷ್ಟ್ರ ಕೋಟಿನ ಕೆಲಸ ನಡೆದಿತ್ತು. ಬಟ್ಟೆ ಅವರ ಮಗಳು ದೂರದಿಂದ ಕಳಿಸಿದ್ದು, ಅಂಥದ್ದು ಇಲ್ಲಿ ಸಿಗುವುದಿಲ್ಲ. ಒಂದು ಕೋಟಿಗೆ ಸಾಲುವಷ್ಟೇ ಇತ್ತು, ಹಾಗಾಗಿ ಮಡಚದೆ ಒಂಟಿ ಪದರದಲ್ಲೇ ಕತ್ತರಿಸಬೇಕಿತ್ತು. ಹಾಗೆ ಕತ್ತರಿಸುವಾಗ ಬಲತೋಳಿಗೆ ಕಾಗದದ ಮಾದರಿಯನ್ನು ಮಗುಚಿ ಇಡಬೇಕು. ಗುಬ್ಬಿ ಮಗುಚದೆ ಇಟ್ಟು ಕತ್ತರಿಸಿದಳು. ಎರಡೂ ಎಡ ತೋಳುಗಳೇ ಆದವು. ಮೇಷ್ಟ್ರು ಅಲ್ಲೇ ಕುರ್ಚಿಯಲ್ಲಿ ಕುಳಿತಿದ್ದರು.

ನಾನು ಹಿಂದಿನ ಕೋಣೆಗೆ ಹೋಗಲಿಲ್ಲ. ಹೋಗಬೇಕೆಂದು ನೆನಪಿತ್ತು, ಕಾಲು ಹೋಗಲಿಲ್ಲ. ಬೀದಿಯ ಆಚೆಗೆ ಕೇಳುವ ಹಾಗೆ ಕೂಗಿದೆ. "ನಿಮ್ಮಪ್ಪನ ಕೈಯೇ ಬಂದಿದೆ ನಿನಗೆ, ಅದು ಕೈಯಲ್ಲ, ಕೊರಡು" ಎಂದೆ. ಅದೇ ಮಾತು, ಅಕ್ಕ. ಹೊಸ ಮಾತು ಹುಡುಕುವ ಶ್ರಮವನ್ನೂ ಪಡಲಿಲ್ಲ.

ಗುಬ್ಬಿ ಅಳಲಿಲ್ಲ. ಅವಳಪ್ಪ ಸಾಣೆ ಹಿಡಿಸಿಕೊಟ್ಟ ಕತ್ತರಿಯನ್ನು ಮೇಜಿನ ಮೇಲಿಟ್ಟು ಮಹಡಿ ಹತ್ತಿದಳು. ಆಮೇಲೆ ನಾನು ಕೋಣೆಗೆ ಹೋಗಿ ಒಂದು ಕೋಟು ಹಿಡಿದೆ, ಒಳಪದರ ಹರಿದುಹೋಯಿತು. ಪ್ರಾರ್ಥನೆ ಬರಲಿಲ್ಲ. ಜೇಬಿನಲ್ಲಿ ನಿನ್ನ ಕಾಗದ ಸುಡುತ್ತಿತ್ತು.

ಮರುದಿನ ಮೇಷ್ಟ್ರ ಮನೆಗೆ ಹೋಗಿ ಅಂಗಡಿಗೆ ಬನ್ನಿ ಎಂದೆ. "ಕೋಟಿನ ವಿಷಯ ಬಿಡಿ, ತೋಳಿಲ್ಲದ ವೇಸ್ಟ್‌ಕೋಟ್ ಮಾಡಿಕೊಡಿ, ಪಿಟೀಲು ಬಾರಿಸೋಕೆ ಹಗುರ" ಎಂದರು. "ಅದಕ್ಕಲ್ಲ ಮೇಷ್ಟ್ರೇ, ನಿಮ್ಮೆದುರಿಗೆ ಆಡಿದ ಮಾತು, ನಿಮ್ಮೆದುರಿಗೇ ಹಿಂದಕ್ಕೆ ತಗೋಬೇಕು" ಎಂದೆ. ಬಂದರು. ಅವರು ನೋಡುತ್ತಿರುವಾಗಲೇ ಗುಬ್ಬಿಯ ಹತ್ತಿರ ಕ್ಷಮೆ ಕೇಳಿದೆ. ಕತ್ತರಿಸುವುದರಲ್ಲಿ ತಪ್ಪು ಅವಳದೇ, ಅದನ್ನೂ ಹೇಳಿದೆ. ಕ್ಷಮೆ ಬೇರೆ, ತೋಳು ಬೇರೆ.

ಅವಳು ಹೇಳಿದ್ದು ಇದು: "ನನಗೆ ಅಂದದ್ದು ಸರಿಹೋಯ್ತು ಮಾವ. ಅಪ್ಪನಿಗೆ ಅಂದದ್ದಕ್ಕೆ ನನ್ನ ಹತ್ರ ಕೇಳಿದ್ರೆ ಆಗಲ್ಲ. ಅಮ್ಮನಿಗೂ ನಾನು ಹೇಳಲ್ಲ, ನೀವೇ ಬರೀಬೇಕು."

ಬರೆಯಲು ಇಷ್ಟು ದಿನ ಹಿಡಿಯಿತು. ಮದುವೆಯ ಕೋಟುಗಳ ರಾಶಿ ಎಂದು ಬರೆದದ್ದು ಸುಳ್ಳು. ನೀನು ಮೆಚ್ಚಿಕೊಂಡದ್ದು ಕೈತಪ್ಪಿ ಹೋಗುತ್ತದಲ್ಲ ಎಂಬ ಹೆದರಿಕೆ. ಸಾಕ್ಷಿ ಹೇಳಲು ಬರುವುದಿಲ್ಲ ಎಂದದ್ದು ಮಾತ್ರ ನಿಜ. ನನ್ನ ವಿಷಯದಲ್ಲಿ ಸಾಕ್ಷಿ ಹೇಳಬೇಕಾದವರು ನನ್ನ ಜೊತೆ ಬದುಕುವವರು, ನಾನಲ್ಲ.

ಈ ಎರಡು ವರ್ಷದಲ್ಲಿ ಆ ಮಾತಿಗಾಗಿ ದೇವರ ಹತ್ತಿರ ಎಷ್ಟೋ ಸಲ ಕ್ಷಮೆ ಕೇಳಿದ್ದೇನೆ. ಭಾವನ ಹತ್ತಿರ ಒಮ್ಮೆಯೂ ಕೇಳಿಲ್ಲ. ದೇವರ ಹತ್ತಿರ ಕೇಳುವುದು ಸುಲಭ, ಆತನ ಮುಖ ಕಾಣುವುದಿಲ್ಲ. ಕೃಪೆ ಸಿಕ್ಕಿತು ಎಂದು ಇಲ್ಲಿ ಹಾಡುತ್ತಾ ಕುರ್ಚಿ ಜೋಡಿಸುತ್ತಿದ್ದೆ, ಅಲ್ಲಿ ಅವರು ಉಗ್ರಾಣದಲ್ಲಿ ಕುಳಿತಿದ್ದರು. ನಾನು ಬರಲೇ? ಭಾವ ಬಾಗಿಲು ತೆರೆಯುತ್ತಾರೆಯೇ ಕೇಳಿ ಬರೆ.

ನಿನ್ನ ಕರಾರು ನೆನಪಿದೆ. ಗುಬ್ಬಿಯನ್ನು ಕರೆದುಕೊಂಡು ಹೋಗಲು ಬಂದರೆ ತಡೆಯುವುದಿಲ್ಲ.

ತಮ್ಮ


ನವೆಂಬರ್ 11

ತಮ್ಮನಿಗೆ,

ಈ ಕಾಗದ ಅಂಚೆಯಲ್ಲಿ ಬಂದಿಲ್ಲ. ತಂದವರು ನಿನ್ನ ಎದುರಿಗೇ ಇದ್ದಾರೆ. ಅವರನ್ನು ಬಾಗಿಲಲ್ಲಿ ನಿಲ್ಲಿಸಿ ಓದಬೇಡ, ಒಳಗೆ ಕೂರಿಸಿ ನೀರು ಕೊಟ್ಟು ಆಮೇಲೆ ಓದು. ಬಸ್ಸಿನಲ್ಲಿ ಅವರು ಏನೂ ತಿನ್ನುವುದಿಲ್ಲ.

ಮೂರು ವಾರ ನಾನು ಉತ್ತರ ಬರೆಯಲಿಲ್ಲ. ಮೊದಲ ವಾರ ಬಸ್ಸು ಹತ್ತಿ ಬರಬೇಕೆಂದು ಚೀಲ ತುಂಬಿದೆ. ಗುಬ್ಬಿಗೆ ಫೋನು ಮಾಡಿ "ಬಟ್ಟೆ ಕಟ್ಟಿಕೋ" ಎಂದೆ. "ನೀವು ಯಾರ ಮೇಲೆ ಸಿಟ್ಟು ಮಾಡ್ಕೊಂಡಿದ್ದೀರಮ್ಮ, ಆವತ್ತಿನ ಮಾವನ ಮೇಲಾ, ಮೊನ್ನೆ ಮಾವನ ಮೇಲಾ" ಎಂದು ಕೇಳಿದಳು. ಹೆತ್ತವಳನ್ನೇ ತಿದ್ದುವಷ್ಟು ಕಲಿಸಿದ್ದೀಯ ಅವಳಿಗೆ. ಚೀಲ ಬಿಚ್ಚಿದೆ.

ಎರಡನೆಯ ವಾರ ನಿನ್ನ ಕಾಗದವನ್ನು ಕೂಟಕ್ಕೆ ತೆಗೆದುಕೊಂಡು ಹೋದೆ. ಮೊದಲನೆಯದನ್ನು ಓದಿ ಮೆರೆದವಳು ಇದನ್ನು ಬಚ್ಚಿಟ್ಟರೆ ಆಗುತ್ತದೆಯೇ? ಪೂರ್ತಿ ಓದಿದೆ. ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಖಜಾಂಚಿಯಮ್ಮ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೂಲೆಯಲ್ಲಿ ಕೂರುವ, ಕಣ್ಣು ಕಾಣದ ಅಜ್ಜಿ "ಇದು ಮೊದಲನೇದಕ್ಕಿಂತ ಚೆನ್ನಾಗಿದೆ ಕಣಮ್ಮ" ಎಂದರು. ಖಜಾಂಚಿಯಮ್ಮ ತೆರೆದ ಬಾಯಿ ಮುಚ್ಚಿಕೊಂಡರು.

ಭಾವನಿಗೆ ತೋರಿಸು ಎಂದಿದ್ದೆಯಲ್ಲ. ಕೈಗೆ ಕೊಡಲು ನನಗೆ ಧೈರ್ಯ ಸಾಲದೆ ಮೇಜಿನ ಮೇಲೆ ಅವರ ಕನ್ನಡಕದ ಪಕ್ಕದಲ್ಲಿ ಇಟ್ಟೆ. ಓದಿದ್ದಾರೆ, ಗೊತ್ತು, ಮಡಿಕೆ ಬದಲಾಗಿತ್ತು. ನಿನ್ನೆ ಊಟ ಮಾಡುತ್ತಾ ಇದ್ದಕ್ಕಿದ್ದಂತೆ "ನಾಳೆ ಹೋಗಿ ಬರ್ತೀನಿ" ಎಂದರು. ಮಗಳನ್ನು ಕರೆತರಲು ಹೋಗುತ್ತಿದ್ದಾರೋ, ನಿನ್ನನ್ನು ನೋಡಲು ಹೋಗುತ್ತಿದ್ದಾರೋ, ಕೇಳಿದೆ. ಹೇಳಲಿಲ್ಲ. ಯಾವುದೆಂದು ನನಗೂ ಗೊತ್ತಿಲ್ಲ, ಆದರೂ ಈ ಕಾಗದ ಬರೆದು ಅವರ ಜೇಬಿಗೆ ಹಾಕುತ್ತಿದ್ದೇನೆ.

ಜೂನ್ ತಿಂಗಳಲ್ಲಿ ಅವರು ಏನೂ ಹೇಳಲಿಲ್ಲ ಎಂದು ಬರೆದಿದ್ದೆ. ಹೇಳಿದ್ದರು. "ಕಳಿಸು, ಅವನ ಕೈ ಅವಳಿಗೆ ಬರಲಿ, ನಾಲಿಗೆ ಬರೋದು ಬೇಡ" ಎಂದಿದ್ದರು. ನಿನಗೆ ನೋವಾಗುತ್ತದೆ ಎಂದು ಬಿಟ್ಟಿದ್ದೆ. ಈಗ ನಿನಗೆ ಎಲ್ಲ ಗೊತ್ತಿರಲಿ.

ಏನಾದರೂ ಆಗಲಿ, ನೀನು ನನ್ನ ತಮ್ಮನೇ. ಕರಾರಿನ ಆ ಭಾಗವನ್ನು ಹೊಡೆದುಹಾಕಿದ್ದೇನೆ.

ಅಕ್ಕ


ನವೆಂಬರ್ 13

ಅಕ್ಕನಿಗೆ,

ಭಾವ ಕ್ಷೇಮವಾಗಿ ತಲುಪಿದರು. ಬಾಗಿಲಲ್ಲಿ ನಿಲ್ಲಿಸಲಿಲ್ಲ, ಆದರೆ ಅವರೇ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ನಿಂತರು. ಆ ಮೆಟ್ಟಿಲನ್ನು ಅವರು ಇಳಿದದ್ದಷ್ಟೇ ನನ್ನ ಕಣ್ಣಿನಲ್ಲಿತ್ತು. ಗುಬ್ಬಿ ಓಡಿಹೋಗಿ ತಬ್ಬಿಕೊಂಡಳು, ಅವರಿಗೂ ಗುಂಡುಸೂಜಿ ಚುಚ್ಚಿತು. ನೀರು ಕೊಟ್ಟೆವು. ನಿನ್ನ ಕಾಗದ ಕೊಟ್ಟರು. ನಾನು ಅದನ್ನು ತೆರೆಯುವ ಮೊದಲೇ ಹೇಳಬೇಕಾದದ್ದನ್ನು ಹೇಳಿಬಿಡೋಣ ಎಂದು ಎದ್ದು ನಿಂತೆ.

ಬಸ್ಸು ಹತ್ತಿ ಅಲ್ಲಿಗೆ ಬಂದು ಹೇಳಲು ಎಷ್ಟೋ ಮಾತು ಕಟ್ಟಿಕೊಂಡಿದ್ದೆ, ಒಂದೂ ಬರಲಿಲ್ಲ. "ಭಾವ, ನಾನು ಆಡಿದ್ದು ತಪ್ಪು. ಆವತ್ತೂ ತಪ್ಪು, ಮೊನ್ನೆಯೂ ತಪ್ಪು. ನಿಮ್ಮ ಕೈ ಚೆನ್ನಾಗಿತ್ತು. ಗಿರಾಕಿಗಳು ನಿಮ್ಮನ್ನೇ ಕೇಳ್ಕೊಂಡು ಬರೋರು, ಅದು ನನಗೆ ತಡೀಲಿಲ್ಲ" ಎಂದೆ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಬೆವರಿಬಿಟ್ಟಿದ್ದೆ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಇರಲಿ ಎಂದುಕೊಂಡೆ.

ಭಾವ ಗೋಡೆಯ ಹತ್ತಿರ ಹೋದರು. ಮೊಳೆಗೆ ನೇತುಹಾಕಿದ್ದ, ಮೇಷ್ಟ್ರ ಕೋಟಿನ ಆ ಎರಡು ತೋಳುಗಳನ್ನು ತೆಗೆದು, ಪಕ್ಕ ಪಕ್ಕ ಹಿಡಿದು ಬೆಳಕಿಗೆ ನೋಡಿದರು. "ಎರಡೂ ಎಡವೇ" ಎಂದರು. ಗುಬ್ಬಿ ತಲೆ ತಗ್ಗಿಸಿದಳು. "ನಾನೂ ಒಂದ್ಸಲ ಮಾಡಿದ್ದೆ, ನಿಮ್ಮ ತಾತನ ಕಾಲದಲ್ಲಿ" ಎಂದು ಅವಳಿಗೆ ಹೇಳಿ, "ಬರ್ತೀಯಾ ನನ್ನ ಜೊತೆ?" ಎಂದು ಕೇಳಿದರು. ನಿನ್ನ ಕರಾರಿನ ದಿನ ಬಂತು ಎಂದುಕೊಂಡೆ.

"ಕೋಟು ಇನ್ನೂ ಕಲಿತು ಆಗಿಲ್ಲ ಅಪ್ಪ" ಎಂದಳು.

ಅವರು ತೋಳುಗಳನ್ನು ಮತ್ತೆ ಮೊಳೆಗೆ ಹಾಕಿದರು. ಆಮೇಲೆ ಮೇಲಂಗಿ ತೆಗೆದು ಕುರ್ಚಿಯ ಮೇಲೆ ಹಾಕಿ, ಕನ್ನಡಿಯ ಎದುರು ಹೋಗಿ ನಿಂತು, ಕೈಗಳನ್ನು ಮೈಯಿಂದ ಸ್ವಲ್ಪ ದೂರ ಹಿಡಿದರು. ಏನು ಮಾಡುತ್ತಿದ್ದಾರೆಂದು ನನಗೆ ಅರ್ಥವೇ ಆಗಲಿಲ್ಲ. "ಅಳತೆ ತಗೋ" ಎಂದರು. "ನನಗೊಂದು ಕೋಟು ಬೇಕು. ಅವಳು ಕತ್ತರಿಸಲಿ. ನೀನು ಪಕ್ಕದಲ್ಲಿ ನಿಂತ್ಕೊಂಡು ಹೇಳ್ಕೊಡು."

ಎದೆಯ ಅಳತೆ ತೆಗೆಯಬೇಕಾದರೆ ಎರಡು ಕೈಗಳನ್ನೂ ಬೆನ್ನ ಹಿಂದೆ ಹಾಕಿ ಟೇಪನ್ನು ಮುಂದಕ್ಕೆ ತರಬೇಕು ಅಕ್ಕ. ಸಾವಿರಾರು ಜನರಿಗೆ ಮಾಡಿದ್ದೇನೆ. ಭಾವನಿಗೆ ಅಷ್ಟು ಹತ್ತಿರ ನಾನು ಎಂದೂ ನಿಂತಿರಲಿಲ್ಲ. ಅವರು ಉಸಿರು ಬಿಗಿಹಿಡಿದಿದ್ದರು. "ಉಸಿರು ಬಿಡಿ ಭಾವ, ಇಲ್ದಿದ್ರೆ ಅಳತೆ ತಪ್ಪುತ್ತೆ" ಎಂದೆ. ಬಿಟ್ಟರು. ನನ್ನ ಕುತ್ತಿಗೆಯ ಮೇಲೆ ಅದು ಬೆಚ್ಚಗೆ ತಾಗಿತು.

"ಎಷ್ಟು ಮಾವ?" ಎಂದು ಗುಬ್ಬಿ ಪೆನ್ಸಿಲ್ ಹಿಡಿದು ಕೇಳುತ್ತಲೇ ಇದ್ದಳು. ನಾನು ಟೇಪು ಹಿಡಿದೇ ನಿಂತಿದ್ದೆ. ಕೊನೆಗೆ ಅವಳೇ ಬಂದು ಟೇಪು ನೋಡಿ ಬರೆದುಕೊಂಡಳು.

ನಿನ್ನ ತಮ್ಮ